ಲೋಟದ ಸುಳಿ, ಹೊಳೆಯ ತಿರುವು

ಹುಣ್ಣಿಮೆಯ ದಿನ ಹುಲಿಗಿಗೆ ಹೋದವರಿಗೆ ಅಲ್ಲಿನ ಜನಸಂದಣಿ ಗೊತ್ತು. ತುಂಗಭದ್ರೆಯಲ್ಲಿ ಮುಳುಗು ಹಾಕಿ, ಹುಲಿಗೆಮ್ಮನ ದರ್ಶನ ಮುಗಿಸಿ ಬಂದವರಿಗೆ ಒಂದು ಲೋಟ ಚಹಾ ಬೇಕೇ ಬೇಕು. ಸೋಸುವಾಗ ಜಾರಿದ ನಾಲ್ಕಾರು ಎಲೆಚೂರುಗಳು ಲೋಟದಲ್ಲಿದ್ದರೆ ಬೇಸರಿಸಬೇಡಿ. ಚಮಚದಿಂದ ನಾಲ್ಕು ಸುತ್ತು ತಿರುಗಿಸಿ, ಚಮಚ ತೆಗೆದು ಸುಮ್ಮನೆ ನೋಡಿ. ತಿರುಗುವ ವಸ್ತು ಅಂಚಿಗೆ ಸರಿಯುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಇಲ್ಲಿ ಹಾಗಾಗುವುದಿಲ್ಲ. ಚೂರುಗಳೆಲ್ಲ ತಳದ ನಟ್ಟನಡುವೆ ಬಂದು ಗುಡ್ಡೆಯಾಗುತ್ತವೆ. ಬಿಯರ್ ತಯಾರಕರ ಒಂದು ಹಳೆಯ ತೊಡಕು ಬಿಡಿಸಿಕೊಂಡದ್ದು ಇದೇ ಸೋಜಿಗದಿಂದ.

ಸೋಸುವಿಕೆ ಅಡುಗೆಯಷ್ಟೇ ಹಳೆಯ ವಿದ್ಯೆ. ಪ್ರಾಚೀನ ಮೆಸೊಪೊಟೇಮಿಯದ ಜನ ಬಿಯರನ್ನು ಸೋಸುವ ಬದಲು ಉದ್ದನೆಯ ಕೊಳವೆ ಹಾಕಿ ಹೀರುತ್ತಿದ್ದರು. ಹೊಟ್ಟು ಪಾತ್ರೆಯಲ್ಲೇ ಉಳಿಯುತ್ತಿತ್ತು. ನಮ್ಮಲ್ಲಿ ಕದಡಿದ ನೀರನ್ನು ತಿಳಿಗೊಳಿಸಲು ಚಿಲ್ಲದ ಬೀಜವನ್ನು ತೇಯುವ ಪದ್ಧತಿಯಿತ್ತು. ಸುಶ್ರುತ ಸಂಹಿತೆ ಇದನ್ನು ಕತಕವೆಂದು ಹೆಸರಿಸುತ್ತದೆ. ಹೊಳೆಗೆ ಹೊಸ ನೀರು ಬಂದಾಗ ಕೊಡಕ್ಕೆ ಪಟಿಕ ಆಡಿಸಿದ ಮನೆಗಳೂ ಕಡಿಮೆಯಲ್ಲ. ಬಟ್ಟೆಯಲ್ಲಿ ಸೋಸುವುದು ಒಂದು ದಾರಿ, ತಳಕ್ಕೆ ಇಳಿಯಗೊಡುವುದು ಇನ್ನೊಂದು. ಮುಂದಿನ ಕಥೆಯೆಲ್ಲ ಈ ಎರಡು ದಾರಿಗಳದೇ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿರಸಕ್ಕೆ ವರ್ಟ್ ಎಂದು ಹೆಸರು. ಇದಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂಗಳನ್ನು ಹಾಕಿ ಕುದಿಸುತ್ತಾರೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೂಲ್ ಕಣಿವೆಯಲ್ಲಿ ಈ ಬಳ್ಳಿಯನ್ನು ಬೆಳೆಸಿದ್ದಾರೆ. ಹೂವಿನ ರಾಳದಿಂದ ಕಹಿ ಬರುತ್ತದೆ; ಪಾನೀಯ ಬೇಗ ಕೆಡುವುದೂ ತಪ್ಪುತ್ತದೆ. 12ನೇ ಶತಮಾನದಲ್ಲೇ ಜರ್ಮನಿಯ ಸನ್ಯಾಸಿನಿ ಹಿಲ್ಡೆಗಾರ್ಡ್ ಈ ಗುಣವನ್ನು ಬರೆದಿಟ್ಟಿದ್ದಾಳೆ. 1516ರ ಬವೇರಿಯದ ಶಾಸನ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಈ ಮೂರನ್ನು ಮಾತ್ರ ಒಪ್ಪಿತು.

ಕುದಿ ಮುಗಿದಮೇಲೆ ಹೂಗಳನ್ನು ತೆಗೆಯಬೇಕು. ಜೊತೆಗೆ, ಶಾಖಕ್ಕೆ ಹೆಪ್ಪುಗಟ್ಟಿದ ಪ್ರೋಟೀನಿನ ಗಸಿಯನ್ನೂ ತೆಗೆಯಬೇಕು. ಹಳಬರ ಉಪಾಯ ಸೊಗಸಾಗಿತ್ತು. ರಂಧ್ರಗಳಿರುವ ಸುಳ್ಳುತಳದ ತೊಟ್ಟಿಗೆ ಎಲ್ಲವನ್ನೂ ಸುರಿಯುತ್ತಿದ್ದರು. ಇಡಿ ಹೂಗಳು ರಂಧ್ರಗಳ ಮೇಲೆ ಹಾಸಿಗೆಯಂತೆ ಕೂತು, ತಾವೇ ಜರಡಿಯಾಗಿ ಗಸಿಯನ್ನು ತಡೆಯುತ್ತಿದ್ದವು. ಆದರೆ 20ನೇ ಶತಮಾನದಲ್ಲಿ ಹೂಗಳನ್ನು ಪುಡಿಮಾಡಿ ಗುಳಿಗೆಯಾಗಿ ಒತ್ತುವ ಪದ್ಧತಿ ಬಂತು. ಗುಳಿಗೆ ಸಾಗಿಸಲು ಸುಲಭ, ಹೆಚ್ಚು ಕಾಲ ಬಾಳುತ್ತದೆ. ಕುದಿಯುವ ರಸದಲ್ಲಿ ಮಾತ್ರ ಅದು ಕರಗಿದಂತೆ ಹರಡಿ ನುಣ್ಣನೆಯ ಕೆಸರಾಗುತ್ತದೆ. ಹಾಸಿಗೆಯಾಗುವ ಹೂವೇ ಇಲ್ಲ. ಬಟ್ಟೆ ಕಟ್ಟಿದರೆ ಬಟ್ಟೆಯೂ ಕಟ್ಟಿಕೊಳ್ಳುತ್ತದೆ.

ಇದಕ್ಕೆ ಉತ್ತರ ಚಹಾದ ಲೋಟದಲ್ಲಿತ್ತು. 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ನದಿಗಳು ಏಕೆ ಡೊಂಕಾಗಿ ಹರಿಯುತ್ತವೆ ಎಂಬುದನ್ನು ವಿವರಿಸುತ್ತ ಚಹಾ ಎಲೆಗಳ ಉದಾಹರಣೆ ಕೊಟ್ಟರು. ತಿರುಗುವ ನೀರು ಅಂಚಿನತ್ತ ಒತ್ತುತ್ತದೆ. ತಳದ ಪದರ ಮಾತ್ರ ಘರ್ಷಣೆಯಿಂದ ನಿಧಾನವಾಗುವುದರಿಂದ ಅಲ್ಲಿ ಹೊರಮುಖದ ಒತ್ತು ಕಡಿಮೆ. ಆದ್ದರಿಂದ ಮೇಲಿನ ನೀರು ಅಂಚಿಗೆ ಹೋಗಿ, ಗೋಡೆಗುಂಟ ಇಳಿದು, ತಳದಲ್ಲಿ ಒಳಮುಖವಾಗಿ ಹರಿಯುತ್ತದೆ. ಹೋಗುವಾಗ ಚೂರುಗಳನ್ನು ಗುಡಿಸಿ ನಡುವಿಗೆ ತರುತ್ತದೆ. ಹೊಳೆಯ ತಿರುವಿನಲ್ಲೂ ಇದೇ ಕೆಲಸ ನಡೆಯುತ್ತದೆ. ಹೊರದಡ ಕೊರೆಯುತ್ತದೆ, ಒಳದಡದಲ್ಲಿ ಮರಳು ನಿಲ್ಲುತ್ತದೆ. ಹೊಳೆದಂಡೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ, ಕಾರಣವಷ್ಟೇ ಹೊಸದು.

1960ರಲ್ಲಿ ಕೆನಡಾದ ಮೋಲ್ಸನ್ ಕಂಪನಿಯ ಹಡ್ಸ್‌ಟನ್ ಈ ತತ್ವವನ್ನು ತೊಟ್ಟಿಗೆ ಇಳಿಸಿದರು. ಬಿಸಿ ವರ್ಟನ್ನು ದುಂಡನೆಯ ತೊಟ್ಟಿಯ ಗೋಡೆಗುಂಟ ಓರೆಯಾಗಿ ನುಗ್ಗಿಸಿ ಸುಳಿ ಎಬ್ಬಿಸುವುದು, ಅನಂತರ ಕದಲದಂತೆ ಬಿಡುವುದು. ಗಸಿ ನಡುವೆ ಕೂತಮೇಲೆ ಅಂಚಿನಿಂದ ತಿಳಿರಸವನ್ನು ಬಸಿಯುವುದು. ಜರಡಿಯಿಲ್ಲ, ಬಟ್ಟೆಯಿಲ್ಲ. ಇಂದು ಜಗತ್ತಿನ ಅನೇಕ ಕಾರ್ಖಾನೆಗಳಲ್ಲಿ, 2010ರ ಅನಂತರ ಬೆಂಗಳೂರಿನಲ್ಲಿ ಹೆಚ್ಚಿದ ಕಿರು ಬಿಯರ್ ಘಟಕಗಳಂಥ ಕಡೆಗಳಲ್ಲೂ ಈ ಸುಳಿತೊಟ್ಟಿ ಸಾಮಾನ್ಯ. ವಿದೇಶಗಳಲ್ಲಿ ಮನೆಯಲ್ಲಿ ಬಿಯರ್ ಮಾಡುವವರು ಒಲೆ ಆರಿಸಿ, ಸೌಟಿನಿಂದ ಸುಳಿ ಎಬ್ಬಿಸಿ, ಮುಚ್ಚಳ ಹಾಕಿ 15-20 ನಿಮಿಷ ಕಾಯುತ್ತಾರೆ. ಬ್ರಿಟನ್ 1963ರಲ್ಲಿ ಇದಕ್ಕೆ ಪರವಾನಗಿಯ ಕಟ್ಟು ಸಡಿಲಿಸಿತು. ಅಮೆರಿಕದ ಶಾಸನ 1978ರದು. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಇಷ್ಟಕ್ಕೇ ನಿಲ್ಲಿಸಿದರೆ ಮಾತು ಅಪೂರ್ಣವಾದೀತು. ತಿಳಿಯಾಗಿ ಕಾಣುವುದೆಲ್ಲ ಶುದ್ಧ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಕರ್ನಾಟಕ-ತಮಿಳುನಾಡು ಗಡಿಭಾಗದಲ್ಲಿ ಮತ್ತೆ 100ಕ್ಕೂ ಹೆಚ್ಚು ಜೀವ ಹೋದವು. ಅದು ಸಾರಾಯಿ ಮಾರಾಟ ನಿಷೇಧವಾದ ಮರುವರ್ಷ. ಇಂಥ ದುರಂತಗಳಲ್ಲಿ ಕೊಲ್ಲುವುದು ಮೆಥನಾಲ್. ಬಾರ್ಲಿಯ ಬಿಯರಿನಲ್ಲಿ ಅದರ ಅಂಶ ಅತ್ಯಲ್ಪ. ಕೈಗಾರಿಕೆಯ ಸ್ಪಿರಿಟನ್ನು ಕಳ್ಳಭಟ್ಟಿಗೆ ಬೆರೆಸಿದಾಗ ವಿಷವಾಗುತ್ತದೆ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣನ್ನು, ಬಳಿಕ ಪ್ರಾಣವನ್ನು ತೆಗೆಯುತ್ತದೆ. ಮೆಥನಾಲ್ ಗಸಿಯಲ್ಲ, ನೀರಿನಲ್ಲಿ ಪೂರ್ತಿ ಬೆರೆಯುವ ದ್ರವ. ಬಟ್ಟೆ ಅದನ್ನು ತಡೆಯದು, ಸುಳಿ ಅದನ್ನು ನಡುವಿಗೆ ತಾರದು, ಪಟಿಕ ಅದನ್ನು ತಳಕ್ಕೆ ಇಳಿಸದು. ಬಣ್ಣವಿಲ್ಲದ ಅದು ಲೋಟದಲ್ಲಿ ನೀರಿನಷ್ಟೇ ತಿಳಿಯಾಗಿರುತ್ತದೆ.

ಸೋಸುವಿಕೆ ಕಣ್ಣಿಗೆ ಕಾಣುವ ಕಸದೊಡನೆ ಮನುಷ್ಯ ನಡೆಸಿದ ಹೋರಾಟ. ಅದರಲ್ಲಿ ಆತ ಗೆದ್ದಿದ್ದಾನೆ. ಕರಗಿದ್ದನ್ನು ಗುರುತಿಸಲು ಪ್ರಯೋಗಾಲಯ ಬೇಕು, ಪ್ರಾಮಾಣಿಕ ತನಿಖೆ ಬೇಕು. ಮುಂದಿನ ಸಲ ಹುಲಿಗಿಯಲ್ಲಿ ಚಹಾದ ಲೋಟ ಕೈಗೆ ಬಂದಾಗ ಒಂದು ಸುತ್ತು ತಿರುಗಿಸಿ ನೋಡಿ. ನಡುವಿಗೆ ಬಂದ ಚೂರುಗಳನ್ನು ಮಕ್ಕಳಿಗೆ ತೋರಿಸಿ, ಹೊಳೆಯ ತಿರುವನ್ನೂ ತೋರಿಸಿ. ಕಾಣದೆ ಉಳಿಯುವ ವಿಷದ ಮಾತನ್ನೂ ಅವರಿಗೆ ಹೇಳಿ.