ಸೈಕಲ್ ದೀಪದ ಬದಲಿ ಬ್ಯಾಟರಿ

ಸೈಕಲ್ ದೀಪದ ಬದಲಿ ಬ್ಯಾಟರಿ ಎಂದರೆ ಸೈಕಲ್ಲಿನ ಎಲ್‌ಇಡಿ ದೀಪದೊಂದಿಗೆ ಬಂದ ಮೂಲ ಬ್ಯಾಟರಿ ಹಳತಾದಾಗ ಅಥವಾ ಕೆಟ್ಟಾಗ ಅದರ ಸ್ಥಾನದಲ್ಲಿ ಜೋಡಿಸುವ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ವಿದ್ಯುತ್ಕೋಶಗಳ ಗುಚ್ಛ. ಎಲ್‌ಇಡಿ ಹಲವು ಸಾವಿರ ಗಂಟೆ ಬಾಳುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿಯಾದರೋ ಕೆಲವು ನೂರು ಸಲ ಚಾರ್ಜ್ ಆದ ಬಳಿಕ ಸಾಮರ್ಥ್ಯ ಕಳೆದುಕೊಳ್ಳತೊಡಗುತ್ತದೆ. ಬಳಸದೆ ಇಟ್ಟರೂ ವರ್ಷಗಳು ಕಳೆದಂತೆ ಸೊರಗುತ್ತದೆ. ಹೀಗಾಗಿ ದೀಪ ಚೆನ್ನಾಗಿದ್ದು ಬ್ಯಾಟರಿಯನ್ನು ಮಾತ್ರ ಬದಲಿಸಬೇಕಾದ ಸಂದರ್ಭ ಸಾಮಾನ್ಯವಾಗಿದೆ. ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ವೋಲ್ಟೇಜ್ ಮತ್ತು ಪ್ಲಗ್ಗಿನ ಧ್ರುವತೆ. ಅನಂತರ ರಕ್ಷಣಾ ಸರ್ಕ್ಯೂಟ್, ಆಮೇಲೆ ನೀರನ್ನು ತಡೆಯುವ ಗುಣ. ಜಾಹೀರಾತುಗಳಲ್ಲಿ ದೊಡ್ಡದಾಗಿ ಅಚ್ಚಾಗುವ ಎಂಎಎಚ್ ಅಂಕಿಗೆ ಕೊನೆಯ ಸ್ಥಾನ. ಈ ಲೇಖನದಲ್ಲಿ ಉದಾಹರಣೆಗಳನ್ನು ಮುಖ್ಯವಾಗಿ ಮಂಗಳೂರು ನಗರದ ಹವೆ ಮತ್ತು ರಸ್ತೆಗಳನ್ನು ಗಮನದಲ್ಲಿಟ್ಟು ಕೊಡಲಾಗಿದೆ.

ಹಿನ್ನೆಲೆ

ಸೈಕಲ್ಲಿಗೆ ಮೊದಲು ಸೀಮೆಎಣ್ಣೆಯ ದೀಪವಿತ್ತು. ಬಳಿಕ ಚಕ್ರದ ಟೈರಿಗೆ ತಾಗಿ ತಿರುಗುವ ಡೈನಮೋ ಬಂದಿತು. ಸಾಮಾನ್ಯ ಡೈನಮೋ 6 ವೋಲ್ಟಿನಲ್ಲಿ 3 ವ್ಯಾಟ್ ವಿದ್ಯುತ್ ನೀಡುತ್ತಿತ್ತು. ಸೈಕಲ್ ನಿಂತೊಡನೆ ದೀಪವೂ ಆರುತ್ತಿತ್ತು. ರಾತ್ರಿ ದೀಪವಿಲ್ಲದೆ ಬಂದವರನ್ನು ಪೊಲೀಸರು ತಡೆದು ದಂಡ ಹಾಕುತ್ತಿದ್ದ ಕಾಲವನ್ನು ಹಿರಿಯರು ಮರೆತಿರಲಾರರು. 1991ರಲ್ಲಿ ಸೋನಿ ಸಂಸ್ಥೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಈ ಬ್ಯಾಟರಿಯ ಅಭಿವೃದ್ಧಿಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿ ಸಂದಿತು. ಎಲ್‌ಇಡಿ ಮತ್ತು ಲಿಥಿಯಂ ಕೋಶ ಜೊತೆಗೂಡಿದ ಮೇಲೆ ಸೈಕಲ್ ದೀಪದ ಬೆಳಕು ಡೈನಮೋ ಕಾಲದ ಕಲ್ಪನೆಗೂ ಮೀರಿ ಬೆಳೆಯಿತು.

ಮಂಗಳೂರಿನಲ್ಲಿ ನಸುಕಿಗೆ ಮೊದಲೇ ದಕ್ಕೆಗೆ ಹೋಗುವವರು, ಪತ್ರಿಕೆ ಹಂಚುವವರು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕೂಳೂರು–ಸುರತ್ಕಲ್ ಕಡೆಗೆ ವ್ಯಾಯಾಮಕ್ಕಾಗಿ ಸಾಗುವವರು ದೀಪವನ್ನು ಅವಲಂಬಿಸಿದ್ದಾರೆ. ಲಾರಿಗಳ ನಡುವೆ, ಮಳೆಯಲ್ಲಿ, ದೀಪ ಮುನ್ಸೂಚನೆಯಿಲ್ಲದೆ ಆರಿದರೆ ಆಗುವ ಅಪಾಯವನ್ನು ವಿವರಿಸಬೇಕಾಗಿಲ್ಲ.

ವೋಲ್ಟೇಜ್ ಮತ್ತು ಜೋಡಣೆ

ಪ್ರತ್ಯೇಕ ಬ್ಯಾಟರಿಯುಳ್ಳ ದೀಪಗಳಲ್ಲಿ ಹೆಚ್ಚಾಗಿ ಕಾಣುವುದು 18650 ಎಂಬ ಕೋಶ. ಈ ಹೆಸರೇ ಅದರ ಅಳತೆ: ವ್ಯಾಸ 18 ಮಿ.ಮೀ., ಉದ್ದ 65 ಮಿ.ಮೀ. ಒಂದು ಕೋಶದ ನಾಮಮಾತ್ರ ವೋಲ್ಟೇಜ್ 3.6 ಅಥವಾ 3.7, ಪೂರ್ತಿ ಚಾರ್ಜ್ ಆದಾಗ 4.2. ಎರಡು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ ನಾಮಮಾತ್ರ 7.4 ವೋಲ್ಟ್, ಪೂರ್ತಿ ಚಾರ್ಜಿನಲ್ಲಿ 8.4 ವೋಲ್ಟ್. ಒಂದೇ ಬಗೆಯ ಬ್ಯಾಟರಿಯನ್ನು ಒಬ್ಬ ಮಾರಾಟಗಾರ 7.2, ಇನ್ನೊಬ್ಬ 7.4, ಮತ್ತೊಬ್ಬ 8.4 ಎಂದು ಬರೆಯುವುದರಿಂದ ಕೊಳ್ಳುವವರಿಗೆ ಗೊಂದಲವಾಗುತ್ತದೆ. ಈ ಮೂರೂ ಒಂದೇ. ಆದರೆ ಮೂರು ಕೋಶಗಳ ಸರಣಿ, ಅಂದರೆ 11.1 ಅಥವಾ 12.6 ವೋಲ್ಟ್, ಬೇರೆಯೇ ಆಗಿದ್ದು ಎರಡು ಕೋಶಗಳ ದೀಪವನ್ನು ಸುಟ್ಟುಹಾಕಬಲ್ಲದು. ಲಿಥಿಯಂ ಐರನ್ ಫಾಸ್ಫೇಟ್ ಕೋಶದ ನಾಮಮಾತ್ರ ವೋಲ್ಟೇಜ್ 3.2, ಅದಕ್ಕೆ ಬೇರೆ ಚಾರ್ಜರ್ ಬೇಕು.

ನಾಲ್ಕು ಕೋಶಗಳ ಪ್ಯಾಕಿನಲ್ಲಿ ಸಾಮಾನ್ಯವಾಗಿ ಎರಡೆರಡು ಸಮಾನಾಂತರ ಜೋಡಿಗಳನ್ನು ಸರಣಿಯಲ್ಲಿ ಇಡಲಾಗುತ್ತದೆ. ಇದರಿಂದ ವೋಲ್ಟೇಜ್ 7.4ರಲ್ಲೇ ಉಳಿದು ಬೆಳಗುವ ಅವಧಿ ಇಮ್ಮಡಿಯಾಗುತ್ತದೆ. ಹೀಗೆ ಎರಡು ಕೋಶಗಳ ಪ್ಯಾಕಿನ ಬದಲಿಗೆ ನಾಲ್ಕು ಕೋಶಗಳದನ್ನು ಹಾಕಲು ಅಡ್ಡಿಯಿಲ್ಲ. ಭಾರ ಮಾತ್ರ ಹೆಚ್ಚುತ್ತದೆ.

ಪ್ಲಗ್ ಮತ್ತು ಚಾರ್ಜರ್

ಹಲವು ದೀಪಗಳಲ್ಲಿ ಹೊರವ್ಯಾಸ 5.5 ಮಿ.ಮೀ., ಒಳವ್ಯಾಸ 2.1 ಮಿ.ಮೀ. ಇರುವ ದುಂಡು ಪ್ಲಗ್ ಇರುತ್ತದೆ. ಒಳವ್ಯಾಸ 2.5 ಮಿ.ಮೀ. ಇರುವ ಪ್ಲಗ್ ಹೊರನೋಟಕ್ಕೆ ಅದರಂತೆಯೇ ಕಂಡರೂ ಸಂಪರ್ಕ ಸಡಿಲವಾಗಿ, ಹೊಂಡದಲ್ಲಿ ಸೈಕಲ್ ಕುಲುಕಿದಾಗಲೆಲ್ಲ ದೀಪ ಮಿನುಗುತ್ತದೆ. ಬಹುತೇಕ ಪ್ಲಗ್ಗುಗಳಲ್ಲಿ ನಡುವಿನ ತೂತು ಧನ, ಹೊರಕವಚ ಋಣ. ಎಲ್ಲದರಲ್ಲೂ ಹಾಗೆಯೇ ಇರುತ್ತದೆಂಬ ಖಾತ್ರಿಯಿಲ್ಲದ ಕಾರಣ ಹೊಸ ಪ್ಯಾಕನ್ನು ದೀಪಕ್ಕೆ ಸಿಕ್ಕಿಸುವ ಮೊದಲು ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಯಾವ ಎಲೆಕ್ಟ್ರಾನಿಕ್ ರಿಪೇರಿ ಅಂಗಡಿಯಲ್ಲಾದರೂ ಇದು ಅರ್ಧ ನಿಮಿಷದ ಕೆಲಸ.

ಹೆಚ್ಚಿನವರ ಗಮನಕ್ಕೆ ಬಾರದ ಅಪಾಯವೊಂದು ಮನೆಯಲ್ಲೇ ಇದೆ. ವೈಫೈ ರೂಟರಿನ 12 ವೋಲ್ಟಿನ ಅಡಾಪ್ಟರಿಗೂ ಅನೇಕ ವೇಳೆ ಇದೇ ಅಳತೆಯ ಪ್ಲಗ್ ಇರುತ್ತದೆ. 8.4 ವೋಲ್ಟಿನ ಚಾರ್ಜರ್ ಕಳೆದುಹೋದಾಗ ‘ಪ್ಲಗ್ ಹೊಂದುತ್ತದಲ್ಲ’ ಎಂದು ಅದನ್ನು ಸಿಕ್ಕಿಸಿದರೆ ಬ್ಯಾಟರಿಗೆ ಮಿತಿಮೀರಿದ ವೋಲ್ಟೇಜ್ ತಲಪುತ್ತದೆ. ಆಗ ಬೆಂಕಿಯನ್ನು ತಡೆಯಬಲ್ಲದ್ದು ಒಳಗಿನ ರಕ್ಷಣಾ ಸರ್ಕ್ಯೂಟ್ ಮಾತ್ರ. ಅಗ್ಗದ ಪ್ಯಾಕುಗಳಲ್ಲಿ ಅದು ಇಲ್ಲದೆಯೂ ಇರಬಹುದು. ಚಾರ್ಜರಿನ ಮೇಲೆ ಒಂದು ಚೀಟಿ ಅಂಟಿಸಿಡುವುದು ಒಳ್ಳೆಯದು.

ಸಾಮರ್ಥ್ಯದ ಲೆಕ್ಕ

ಉತ್ತಮ ತಯಾರಕರ 18650 ಕೋಶವೊಂದರ ಸಾಮರ್ಥ್ಯ ಸುಮಾರು 3,500 ಎಂಎಎಚ್ ದಾಟುವುದು ವಿರಳ. ಒಂದೇ ಕೋಶದ ಮೇಲೆ 9,900 ಎಂದು ಅಚ್ಚಾಗಿದ್ದರೆ ಅದು ಸುಳ್ಳು. ನಾಲ್ಕು ಕೋಶಗಳ 7.4 ವೋಲ್ಟಿನ ಪ್ಯಾಕಿಗೆ ಸುಮಾರು 7,000ವೇ ಮೇಲ್ಮಿತಿ. 2,600ರ ನಾಲ್ಕು ಕೋಶಗಳಿದ್ದರೆ ನಿಜವಾದ ಅಂಕಿ 5,200. ಕೆಲವರು ನಾಲ್ಕನ್ನೂ ಕೂಡಿಸಿ 10,400 ಎಂದು ಬರೆಯುತ್ತಾರೆ, ಇದು 3.7 ವೋಲ್ಟಿನ ಲೆಕ್ಕದಲ್ಲಿ ಸರಿ, 7.4 ವೋಲ್ಟಿನ ಲೆಕ್ಕದಲ್ಲಿ ತಪ್ಪು. ಮೋಸಕ್ಕೆ ಒಳಗಾಗದಿರಲು ವ್ಯಾಟ್-ಅವರ್ ಲೆಕ್ಕ ಹಿಡಿಯಬೇಕು: 7.4 ವೋಲ್ಟನ್ನು 5.2 ಆಂಪಿಯರ್-ಅವರಿನಿಂದ ಗುಣಿಸಿದರೆ ಸುಮಾರು 38.5 ವ್ಯಾಟ್-ಅವರ್. ದೀಪ 8 ವ್ಯಾಟ್ ಎಳೆಯುವುದಾದರೆ ಕಾಗದದ ಮೇಲೆ 4.8 ಗಂಟೆ, ರಸ್ತೆಯಲ್ಲಿ 4 ಗಂಟೆ ಎಂದುಕೊಳ್ಳಬಹುದು. ವಿಜ್ಞಾನ ಓದದವರೂ ಈ ಒಂದು ಗುಣಾಕಾರ ಮಾಡಬಲ್ಲರು.

ತಕ್ಕಡಿಯೂ ಸಾಕ್ಷಿ ಹೇಳುತ್ತದೆ. ನಿಜವಾದ 18650 ಕೋಶ 45 ಗ್ರಾಂ ಆಸುಪಾಸು ತೂಗುತ್ತದೆ. ನಾಲ್ಕು ಕೋಶಗಳ ಪ್ಯಾಕು ತಂತಿ, ಹೊದಿಕೆ ಸೇರಿ 180 ಗ್ರಾಂಗಿಂತ ಕಡಿಮೆ ತೂಗಿದರೆ ಸಂಶಯಪಡಬೇಕು. ಕೊಂಡ ಮೊದಲ ವಾರದಲ್ಲೇ ಪೂರ್ತಿ ಚಾರ್ಜ್ ಮಾಡಿ, ಫ್ಯಾನಿನ ಗಾಳಿಯಲ್ಲಿ ದೀಪವನ್ನಿಟ್ಟು, ಎಷ್ಟು ಹೊತ್ತು ಉರಿಯುತ್ತದೆಂದು ಗಡಿಯಾರ ನೋಡಿ ಬರೆದಿಡಬೇಕು. ಹಿಂದಿರುಗಿಸುವ ಅವಧಿ ಮುಗಿದ ಮೇಲೆ ತಿಳಿದು ಪ್ರಯೋಜನವಿಲ್ಲ.

ರಕ್ಷಣಾ ಸರ್ಕ್ಯೂಟ್ ಮತ್ತು ಗುರುತುಗಳು

ಅತಿ ಚಾರ್ಜ್, ಅತಿ ಬರಿದಾಗುವಿಕೆ, ಅತಿ ಪ್ರವಾಹ ಮತ್ತು ಶಾರ್ಟ್ ಸರ್ಕ್ಯೂಟುಗಳಿಂದ ಬ್ಯಾಟರಿಯನ್ನು ಕಾಯುವ ಸಣ್ಣ ಫಲಕವಿದು. ಭಾರತದಲ್ಲಿ ಲಿಥಿಯಂ ಕೋಶ ಮತ್ತು ಬ್ಯಾಟರಿಗಳಿಗೆ ಐಎಸ್ 16046 ಮಾನಕದಡಿ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯವಾಗಿದೆ. ಪ್ಯಾಕಿನ ಮೇಲೆ ಮಾನಕದ ಗುರುತಿನೊಂದಿಗೆ ‘ಆರ್’ ಅಕ್ಷರದಿಂದ ಆರಂಭವಾಗುವ ಎಂಟು ಅಂಕಿಗಳ ಸಂಖ್ಯೆ ಇರುತ್ತದೆ. ಗುರುತಿಲ್ಲದ್ದನ್ನು ಎಷ್ಟೇ ಅಗ್ಗವಾದರೂ ಬಿಡುವುದು ವಿವೇಕ.

ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ತೆಗೆದ ಕೋಶಗಳಿಗೆ ಹೊಸ ಹೊದಿಕೆ ಹಾಕಿ ಪ್ಯಾಕು ಕಟ್ಟಿಕೊಡುವವರಿದ್ದಾರೆ. ಹೊಸ ಕೋಶಗಳಿಂದ ಕಟ್ಟಿಸುವುದಾದರೆ ನಾಲ್ಕೂ ಒಂದೇ ತಯಾರಿಕೆಯ, ಒಂದೇ ಸಾಮರ್ಥ್ಯದ, ಒಂದೇ ವಯಸ್ಸಿನವಾಗಿರಬೇಕು. ಜೋಡಿಸುವ ಮೊದಲು ಅವುಗಳ ವೋಲ್ಟೇಜ್ ಸಮವಾಗಿರಬೇಕು. ನಿಕ್ಕೆಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡಬೇಕು. ಕಾದ ಬೆಸುಗೆ ಕಡ್ಡಿಯನ್ನು ನೇರವಾಗಿ ಕೋಶಕ್ಕೆ ಒತ್ತಿದರೆ ಒಳಭಾಗಕ್ಕೆ ಹಾನಿಯಾಗುತ್ತದೆ.

ಮಳೆ ಮತ್ತು ಕಡಲ ಗಾಳಿ

ಮಂಗಳೂರಿನ ವಾರ್ಷಿಕ ಮಳೆ ಸುಮಾರು 3,500 ಮಿ.ಮೀ.ಗೂ ಮೇಲ್ಪಟ್ಟಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಇಲ್ಲಿ ಬ್ಯಾಟರಿಗಳು ಮುಪ್ಪಿನಿಂದ ಸಾಯುವುದಕ್ಕಿಂತ ಮೊದಲು ನೀರಿನಿಂದ ಸಾಯುತ್ತವೆ. ಪ್ಯಾಕಿನ ಜೊತೆ ಬರುವ ಬಟ್ಟೆಯ ಚೀಲ ನೀರನ್ನು ತಡೆಯುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಐಪಿಎಕ್ಸ್4 ಎಂದರೆ ಸಿಂಪರಣೆಯನ್ನು ತಾಳುವುದು ಎಂದರ್ಥ. ಐಪಿಎಕ್ಸ್7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಾಳುವುದು. ಕರಾವಳಿಯ ಮಳೆಗಾಲಕ್ಕೆ ಎರಡನೆಯದೇ ಯೋಗ್ಯ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ರಬ್ಬರ್ ಉಂಗುರವುಳ್ಳ ತಿರುಪಿನ ಪ್ಲಗ್ ಇರುವ ಪ್ಯಾಕಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡುವುದು ಸಾರ್ಥಕ.

ಪಣಂಬೂರು, ತಣ್ಣೀರುಬಾವಿ ಕಡೆಯ ಉಪ್ಪುಗಾಳಿಯಿಂದ ಪ್ಲಗ್ಗಿನ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಸಂಪರ್ಕದ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಸವರಿದರೆ ತೇವ ಒಳಹೋಗುವುದು ಕಡಿಮೆಯಾಗುತ್ತದೆ. ತಂತಿಯನ್ನು ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಮೇಲಕ್ಕೆ ತಂದರೆ ಹರಿದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಒದ್ದೆಯಾದ ಪ್ಯಾಕನ್ನು ಒಣಗಿಸದೆ ಚಾರ್ಜ್ ಮಾಡಬಾರದು.

ಒಳಗೇ ಬ್ಯಾಟರಿಯಿರುವ ದೀಪಗಳು

ಯುಎಸ್‌ಬಿಯಿಂದ ಚಾರ್ಜ್ ಆಗುವ ಚಿಕ್ಕ ದೀಪಗಳಲ್ಲಿ ಚಪ್ಪಟೆ ಕೋಶವಿರುತ್ತದೆ. ಅದರ ಮೇಲಿನ 603040 ಎಂಬಂಥ ಸಂಖ್ಯೆ 6 ಮಿ.ಮೀ. ದಪ್ಪ, 30 ಅಗಲ, 40 ಉದ್ದ ಎಂದು ತಿಳಿಸುತ್ತದೆ. ಉಬ್ಬಿದ ಕೋಶವನ್ನು ಚುಚ್ಚಬಾರದು, ಒತ್ತಬಾರದು. ಗುಂಡಿ ಕೋಶದ ಹಿಂದೀಪಗಳಲ್ಲಿ ಸಿಆರ್2032 ಬಳಕೆಯಾಗುತ್ತದೆ. ಇದನ್ನು ಚಾರ್ಜ್ ಮಾಡುವಂತಿಲ್ಲ. ಚಾರ್ಜ್ ಆಗುವ ಎಲ್‌ಐಆರ್2032ರ ವೋಲ್ಟೇಜ್ ಹೆಚ್ಚು, ಸಾಮರ್ಥ್ಯ ಬಹಳ ಕಡಿಮೆ. ಎಎ ಗಾತ್ರದ ಕೋಶ ಬಳಸುವ ದೀಪಗಳಿಗೆ 1.2 ವೋಲ್ಟಿನ ನಿಕ್ಕೆಲ್-ಮೆಟಲ್ ಹೈಡ್ರೈಡ್ ಕೋಶಗಳು ಸರಳ ಮತ್ತು ನಿರಪಾಯ. ಬೆಳಕು ಕಡಿಮೆ ಸಾಕೆನ್ನುವವರಿಗೆ ಇದೇ ಉತ್ತಮ.

ತರಿಸುವುದು, ಇಡುವುದು, ಬಿಸಾಡುವುದು

ಕರಾವಳಿಯ ಅನೇಕ ಮನೆಗಳಲ್ಲಿ ಇಂಥ ವಸ್ತುಗಳು ಗಲ್ಫ್‌ನಿಂದ ಬರುವ ಬಂಧುಗಳ ಮೂಲಕ ಬರುತ್ತವೆ. ಬಿಡಿ ಲಿಥಿಯಂ ಬ್ಯಾಟರಿಯನ್ನು ವಿಮಾನದ ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ತುದಿಗಳನ್ನು ಟೇಪಿನಿಂದ ಮುಚ್ಚಿ ಕೈಚೀಲದಲ್ಲೇ ತರಬೇಕು. ಸಾಮಾನ್ಯ ಮಿತಿ 100 ವ್ಯಾಟ್-ಅವರ್ ಆಗಿರುವುದರಿಂದ ಸೈಕಲ್ ದೀಪದ ಪ್ಯಾಕು ಅದರೊಳಗೇ ಬರುತ್ತದೆ.

ಚಾರ್ಜಿಂಗ್ ಹಾಸಿಗೆಯ ಮೇಲೆ, ಮಲಗಿರುವಾಗ ಬೇಡ. ಟೈಲ್ಸ್ ಅಥವಾ ಸಿಮೆಂಟಿನ ನೆಲ ಲೇಸು. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧದಷ್ಟು ಚಾರ್ಜಿನಲ್ಲಿ ತಂಪಾದ ಒಣ ಜಾಗದಲ್ಲಿ ಇಡಬೇಕು.

ಸತ್ತ ಪ್ಯಾಕನ್ನು ಮನೆಗೆ ಬರುವ ಕಸದ ವಾಹನದ ಒಣಕಸಕ್ಕೆ ಸೇರಿಸಬಾರದು. ವಾಹನದಲ್ಲಿ ಅದುಮಿದಾಗಲಾಗಲಿ, ಪಚ್ಚನಾಡಿಯ ರಾಶಿಯಲ್ಲಾಗಲಿ ಅದು ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಉತ್ಪಾದಕರದು. ತಂತಿಯ ಎರಡು ತುದಿಗಳಿಗೂ ಬೇರೆಬೇರೆಯಾಗಿ ಟೇಪು ಸುತ್ತಿ, ಮಾರಿದ ಅಂಗಡಿಗೆ ಅಥವಾ ಇ-ತ್ಯಾಜ್ಯ ಸ್ವೀಕರಿಸುವವರಿಗೆ ಒಪ್ಪಿಸಬೇಕು.