ಸಹಪಾಠಿ ಬೋಧನೆ

ಸಹಪಾಠಿ ಬೋಧನೆಯು ತರಗತಿಯಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆಗೆ ಮೊದಲು ತಾವೇ ಉತ್ತರ ಯೋಚಿಸಿ, ಬಳಿಕ ಪಕ್ಕದವರೊಡನೆ ವಾದಿಸಿ, ಪರಿಕಲ್ಪನೆಯನ್ನು ಮನದಟ್ಟು ಮಾಡಿಕೊಳ್ಳುವ ಬೋಧನ ವಿಧಾನ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ ಇದನ್ನು 1991ರಲ್ಲಿ ಬಳಕೆಗೆ ತಂದರು. ಇದರ ಕೈಪಿಡಿಯನ್ನು 1997ರಲ್ಲಿ ಪ್ರಕಟಿಸಿದರು. ಭೌತವಿಜ್ಞಾನದಲ್ಲಿ ಹುಟ್ಟಿದ ಈ ವಿಧಾನ ಜೀವವಿಜ್ಞಾನ, ಗಣಿತ, ಗಣಕವಿಜ್ಞಾನಗಳಿಗೂ ಹಬ್ಬಿದೆ.

ಹಿನ್ನೆಲೆ

ಭಾರವಾದ ಲಾರಿಯೊಂದು ಚಿಕ್ಕ ಕಾರಿಗೆ ಡಿಕ್ಕಿ ಹೊಡೆದರೆ ಯಾವುದರ ಮೇಲೆ ಹೆಚ್ಚು ಬಲ ಬೀಳುತ್ತದೆ? ನ್ಯೂಟನ್ನನ ಮೂರನೆಯ ನಿಯಮದಂತೆ ಎರಡರ ಮೇಲೂ ಬೀಳುವ ಬಲ ಸಮಾನ. ಕಾರಿನ ದ್ರವ್ಯರಾಶಿ ಕಡಿಮೆಯಾದ್ದರಿಂದ ಅದರ ವೇಗ ಹೆಚ್ಚು ಬದಲಾಗುತ್ತದೆ, ಅಷ್ಟೆ. ಆದರೆ ನಿಯಮವನ್ನು ಬಾಯಿಪಾಠ ಹೇಳಬಲ್ಲ ಅನೇಕರು ಕಾರಿನ ಮೇಲೆಯೇ ಹೆಚ್ಚು ಬಲ ಬೀಳುತ್ತದೆ ಎನ್ನುತ್ತಾರೆ. ನಿತ್ಯದ ಅನುಭವದಿಂದ ಮೂಡಿದ ಇಂಥ ತಪ್ಪು ಗ್ರಹಿಕೆಗಳು ಪಾಠ ಕೇಳಿದ ಮಾತ್ರಕ್ಕೆ ಅಳಿಸಿಹೋಗುವುದಿಲ್ಲ ಎಂಬುದನ್ನು ಅರಿಜೋನ ರಾಜ್ಯ ವಿಶ್ವವಿದ್ಯಾಲಯದ ಇಬ್ರಾಹಿಂ ಹಲೂನ್ ಮತ್ತು ಡೇವಿಡ್ ಹೆಸ್ಟೆನೆಸ್ 1985ರಲ್ಲಿ ತೋರಿಸಿಕೊಟ್ಟರು.

ಅವರ ಲೇಖನಗಳನ್ನು ಓದಿದ ಮಜೂರ್ ತಮ್ಮ ವಿದ್ಯಾರ್ಥಿಗಳನ್ನೂ ಪರೀಕ್ಷಿಸಿದರು. ವಿದ್ಯುನ್ಮಂಡಲದ ಕ್ಲಿಷ್ಟ ಲೆಕ್ಕವನ್ನು ಸೂತ್ರ ಹಾಕಿ ಬಿಡಿಸಿದವರಲ್ಲಿ ಹಲವರು, ಸ್ವಿಚ್ ಒತ್ತಿದಾಗ ಯಾವ ಬಲ್ಬು ಹೆಚ್ಚು ಬೆಳಗುತ್ತದೆ ಎಂಬ ಸರಳ ಪ್ರಶ್ನೆಯಲ್ಲಿ ಎಡವಿದರು. ಅಂಕಗಳು ಬಂದಿದ್ದವು, ಅರಿವು ಬಂದಿರಲಿಲ್ಲ.

ವಿಧಾನ

ವಿದ್ಯಾರ್ಥಿಗಳು ಪಾಠಭಾಗವನ್ನು ಮೊದಲೇ ಓದಿಕೊಂಡು ಬರುತ್ತಾರೆ. ಅಧ್ಯಾಪಕರು ಒಂದು ಅಂಶವನ್ನು ಚುಟುಕಾಗಿ ವಿವರಿಸಿ, ಲೆಕ್ಕಾಚಾರ ಬೇಡದ ಬಹುಆಯ್ಕೆ ಪ್ರಶ್ನೆಯೊಂದನ್ನು ಮುಂದಿಡುತ್ತಾರೆ. ಉದಾಹರಣೆಗೆ, ಮೇಲಕ್ಕೆಸೆದ ಚೆಂಡು ತುತ್ತತುದಿಯಲ್ಲಿರುವ ಕ್ಷಣದಲ್ಲಿ ಅದರ ವೇಗೋತ್ಕರ್ಷ ಎಷ್ಟು? ವೇಗ ಸೊನ್ನೆಯಾದ್ದರಿಂದ ವೇಗೋತ್ಕರ್ಷವೂ ಸೊನ್ನೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಗುರುತ್ವ ಆಗಲೂ ಎಳೆಯುತ್ತಲೇ ಇರುವುದರಿಂದ ಅದು ಸೆಕೆಂಡಿನ ವರ್ಗಕ್ಕೆ ಸುಮಾರು 9.8 ಮೀಟರ್.

ಒಂದೆರಡು ನಿಮಿಷ ಎಲ್ಲರೂ ಮೌನವಾಗಿ ಯೋಚಿಸಿ ತಮ್ಮ ಉತ್ತರ ಸೂಚಿಸುತ್ತಾರೆ. ಸರಿಯುತ್ತರ ಕೊಟ್ಟವರು ಸುಮಾರು ಶೇ. 30ರಿಂದ 70ರಷ್ಟಿದ್ದರೆ ಚರ್ಚೆಗೆ ಹದವಾದ ಸಮಯ. ಬೇರೆ ಉತ್ತರ ಆರಿಸಿದವರನ್ನು ಹುಡುಕಿ, ಕಾರಣ ಹೇಳಿ ಒಪ್ಪಿಸಲು ಅಧ್ಯಾಪಕರು ಸೂಚಿಸುತ್ತಾರೆ. ಎರಡು ಮೂರು ನಿಮಿಷಗಳ ಬಳಿಕ ಮತ್ತೆ ಉತ್ತರ ಪಡೆದು, ಕೊನೆಗೆ ವಿವರಣೆ ಕೊಡುತ್ತಾರೆ. ತೀರಾ ಕಡಿಮೆ ಮಂದಿ ಸರಿಯಾಗಿ ಉತ್ತರಿಸಿದರೆ ವಿಷಯವನ್ನು ಮರಳಿ ಬೋಧಿಸಬೇಕಾಗುತ್ತದೆ. ಉತ್ತರ ಸೂಚಿಸಲು ಕ್ಲಿಕ್ಕರ್ ಯಂತ್ರಗಳೇ ಬೇಕೆಂದಿಲ್ಲ. ಅಕ್ಷರ ಬರೆದ ರಟ್ಟಿನ ಚೀಟಿಗಳು ಸಾಕು.

ಫಲ ನೀಡುವ ಬಗೆ

ಉತ್ತರವನ್ನು ಮೊದಲೇ ಸೂಚಿಸಿದ ವಿದ್ಯಾರ್ಥಿಗೆ ಅದನ್ನು ಸಮರ್ಥಿಸುವ ಹೊಣೆಯೂ ಇರುತ್ತದೆ. ವಾದಿಸುವಾಗ ತನ್ನ ತರ್ಕದ ಬಿರುಕು ತನಗೇ ಕಾಣುತ್ತದೆ. ಈಗಷ್ಟೇ ವಿಷಯ ಅರಿತ ಗೆಳೆಯನಿಗೆ ಕಲಿಕೆಯ ತೊಡಕು ಎಲ್ಲಿದೆ ಎಂಬುದು ಹಸಿಯಾಗಿ ನೆನಪಿರುತ್ತದೆ. ವರ್ಷಗಟ್ಟಲೆ ಬೋಧಿಸಿದವರಿಗೆ ಅದು ಮರೆತಿರಬಹುದು.

ಫಲಿತಾಂಶ

ಭೌತವಿಜ್ಞಾನಿ ರಿಚರ್ಡ್ ಹೇಕ್ 1998ರಲ್ಲಿ 62 ಭೌತವಿಜ್ಞಾನ ತರಗತಿಗಳ 6,542 ವಿದ್ಯಾರ್ಥಿಗಳು ಪಾಠಕ್ಕೆ ಮೊದಲು ಮತ್ತು ಬಳಿಕ ಪಡೆದ ಅಂಕಗಳನ್ನು ಹೋಲಿಸಿದರು. ಸುಧಾರಣೆಗೆ ಇದ್ದ ಅವಕಾಶದಲ್ಲಿ ಉಪನ್ಯಾಸ ಪ್ರಧಾನ ತರಗತಿಗಳು ಸರಾಸರಿ ಶೇ. 23ರಷ್ಟನ್ನು ಗಳಿಸಿದ್ದರೆ, ಸಹಪಾಠಿ ಬೋಧನೆಯೂ ಸೇರಿದಂತೆ ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡ ತರಗತಿಗಳು ಶೇ. 48ರಷ್ಟನ್ನು ಗಳಿಸಿದ್ದವು. ಕೊಲೊರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನ ತರಗತಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗುಂಪಿನಲ್ಲಿ ಯಾರಿಗೂ ಸರಿಯುತ್ತರ ತಿಳಿಯದಿದ್ದಾಗಲೂ ಚರ್ಚೆಯಿಂದ ಅರಿವು ಹೆಚ್ಚಬಲ್ಲದು ಎಂದು ಕಂಡುಕೊಂಡಿತು. ಜಾಣರನ್ನು ನೋಡಿ ಉಳಿದವರು ನಕಲು ಮಾಡುತ್ತಾರೆ ಎಂಬ ಶಂಕೆಗೆ ಇದು ಉತ್ತರವಾಯಿತು.

ಮಿತಿಗಳು

ಒಳ್ಳೆಯ ಪ್ರಶ್ನೆ ರೂಪಿಸುವುದು ಶ್ರಮದ ಕೆಲಸ. ತೀರಾ ಸುಲಭವಾದರೆ ಚರ್ಚೆ ಹುಟ್ಟದು, ತೀರಾ ಕಠಿಣವಾದರೆ ಬರೀ ಊಹೆ ಉಳಿಯುತ್ತದೆ. ಚರ್ಚೆಗೆ ಸಮಯ ಕೊಟ್ಟಷ್ಟೂ ಉಪನ್ಯಾಸದಲ್ಲಿ ಮುಗಿಸುವ ಪಾಠಭಾಗ ಕಡಿಮೆಯಾಗುತ್ತದೆ. ಆ ಕೊರತೆಯನ್ನು ಪೂರ್ವಸಿದ್ಧತೆಯ ಓದು ತುಂಬಬೇಕು. ಪರೀಕ್ಷೆಯೂ ಅರಿವನ್ನು ಅಳೆಯುವಂತಿರಬೇಕು. ಸೂತ್ರ ಒಪ್ಪಿಸಿದರೆ ಅಂಕ ಸಿಗುವಲ್ಲಿ ವಿದ್ಯಾರ್ಥಿಗಳು ಬಾಯಿಪಾಠಕ್ಕೇ ಮರಳುತ್ತಾರೆ.