ಕುದುರೆ ತಲೆ ಎತ್ತುವುದೇಕೆ?

ಕುದುರೆಯನ್ನು ಬಲ್ಲವರೆಲ್ಲ ಅದರ ಒಂದು ಅಭ್ಯಾಸವನ್ನೂ ಬಲ್ಲರು. ದೂರದಲ್ಲಿ ಏನಾದರೂ ಅಲುಗಿದರೆ ಅದು ಮೇವು ಬಿಟ್ಟು ಥಟ್ಟನೆ ತಲೆ ಎತ್ತುತ್ತದೆ. ಇದರಲ್ಲೇನು ವಿಶೇಷ ಎನ್ನಬಹುದು. ಆದರೆ ಈ ಸಣ್ಣ ಚಲನೆಯ ಅರ್ಥ ತಿಳಿಯಲು ವಿಜ್ಞಾನಿಗಳು ಬಹುಕಾಲ ಹೆಣಗಿದರು. ನಡುವೆ ದಾರಿ ತಪ್ಪಿದ್ದೂ ಉಂಟು.

ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ತೆಳುವಾದ ಪೊರೆಯೇ ಅಕ್ಷಿಪಟ. ಅದರಲ್ಲಿರುವ ಒಂದು ಬಗೆಯ ನರಕೋಶಗಳು ನೋಟದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಅವು ಒತ್ತಾಗಿರುವ ಕಡೆ ನೋಟ ಸೂಕ್ಷ್ಮ, ವಿರಳವಾಗಿರುವ ಕಡೆ ಮಂದ. ಡೆನ್ಮಾರ್ಕಿನ ಅಂಗರಚನಾಶಾಸ್ತ್ರಜ್ಞ ಕೀವಿಟ್ಸ್ ೧೮೯೧ರಲ್ಲಿ ಹಲವು ಪ್ರಾಣಿಗಳ ಅಕ್ಷಿಪಟಗಳನ್ನು ಹೋಲಿಸಿ, ಈ ಸೂಕ್ಷ್ಮ ಭಾಗ ಎಲ್ಲದರಲ್ಲೂ ಒಂದೇ ರೂಪದ್ದಲ್ಲವೆಂದು ತೋರಿಸಿದನು. ಮನುಷ್ಯನಲ್ಲಿ ಅದು ನಡುವಿನ ಒಂದು ಪುಟ್ಟ ಗುಳಿ. ಕುದುರೆ, ದನ, ಕುರಿ, ಆಡುಗಳಲ್ಲಿಯೋ ಅಕ್ಷಿಪಟಕ್ಕೆ ಅಡ್ಡಲಾಗಿ ಹಾದ ಒಂದು ಪಟ್ಟಿ.

ಆದರೂ ಕುದುರೆಯ ವಿಷಯದಲ್ಲಿ ಬೇರೊಂದು ಊಹೆಯೇ ಬಹುದಿನ ಬಾಳಿತು. ಅದರ ಅಕ್ಷಿಪಟ ಇಳಿಜಾರಾಗಿದೆ, ಮೇಲ್ಭಾಗ ಕಣ್ಣಿನ ಮಸೂರಕ್ಕೆ ದೂರ, ಕೆಳಭಾಗ ಹತ್ತಿರ. ಆದುದರಿಂದ ತಲೆ ಏರಿಳಿಸಿ ಬಿಂಬವನ್ನು ತಕ್ಕ ಜಾಗಕ್ಕೆ ತಂದುಕೊಳ್ಳುತ್ತದೆ ಎಂಬುದೇ ಆ ಊಹೆ. ಕೇಳಲು ಸೊಗಸಾದ ಈ ವಿವರಣೆ ಪಠ್ಯಗ್ರಂಥಗಳನ್ನೂ ಸೇರಿತು. ೧೯೭೫ರಲ್ಲಿ ಸಿವಾಕ್ ಮತ್ತು ಆಲೆನ್ ಎಂಬುವರು ಕುದುರೆಯ ಕಣ್ಣನ್ನು ಅಳೆದು ನೋಡಿದಾಗ ಅಂಥ ಇಳಿಜಾರು ಸಿಗಲಿಲ್ಲ.

ಅದೇ ಕಾಲದಲ್ಲಿ ಎಣಿಕೆಯ ಕೆಲಸವೂ ಮುಂದುವರಿಯಿತು. ಅಕ್ಷಿಪಟವನ್ನು ಇಡಿಯಾಗಿ ಬಿಡಿಸಿ, ಗಾಜಿನ ಮೇಲೆ ಹರಡಿ, ಬಣ್ಣ ಕಟ್ಟಿ, ಕೋಶಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುವ ವಿಧಾನವದು. ೧೯೭೬ರಲ್ಲಿ ಹೇಬೆಲ್ ಎಂಬುವರು ಹಂದಿ, ಕುರಿ, ದನ, ಕುದುರೆ, ನಾಯಿಗಳ ಎಣಿಕೆಯನ್ನು ಪ್ರಕಟಿಸಿದರು. ಕುದುರೆಯ ಪಟ್ಟಿಯಲ್ಲಿ ಚದರ ಮಿಲಿಮೀಟರಿಗೆ ಸಾವಿರಗಟ್ಟಲೆ ಕೋಶಗಳಿದ್ದರೆ, ಅಂಚಿನಲ್ಲಿ ಕೆಲವು ನೂರು ಮಾತ್ರ.

ಇದು ಹೀಗೇಕೆ? ಆಸ್ಟಿನ್ ಹ್ಯೂಸ್ ೧೯೭೭ರಲ್ಲಿ ಕೊಟ್ಟ ಉತ್ತರವೆಂದರೆ, ಪ್ರಾಣಿ ಬಾಳುವ ನೆಲದ ಚಹರೆಯೇ ಅದರ ಕಣ್ಣಿನಲ್ಲಿ ಮೂಡಿದೆ ಎಂಬುದು. ಬಟ್ಟಬಯಲಿನಲ್ಲಿ ಶತ್ರು ಬರುವುದು ದಿಗಂತದ ಗೆರೆಯಿಂದ. ಅಡ್ಡಪಟ್ಟಿ ಆ ಗೆರೆಯನ್ನು ಉದ್ದಕ್ಕೂ ಒಮ್ಮೆಗೇ ಕಾಯುತ್ತದೆ. ಮರಗಳ ನಡುವೆ ಇರುವ ಪ್ರಾಣಿಗೆ ದಿಗಂತವೇ ಕಾಣದು. ಪಟ್ಟಿಯಿಂದ ಪ್ರಯೋಜನವೂ ಕಡಿಮೆ. ಗೊರಸಿನ ಪ್ರಾಣಿಗಳಾಚೆಗೂ ಹ್ಯೂಸ್ ಇದಕ್ಕೆ ಸಾಕ್ಷಿ ಹುಡುಕಿದರು: ಬಯಲಿನ ಕಾಂಗರೂವಿಗೆ ಸ್ಪಷ್ಟವಾದ ಪಟ್ಟಿಯುಂಟು, ಮರವೇರುವ ಕಾಂಗರೂವಿಗೆ ಅಂಥದಿಲ್ಲ.

ಹಾಗೆಂದು ಇದನ್ನು ಕಟ್ಟುನಿಟ್ಟಿನ ನಿಯಮವೆನ್ನುವಂತಿಲ್ಲ. ಹಂದಿ ಮೂಲತಃ ಕಾಡು ಪೊದೆಗಳ ಪ್ರಾಣಿ. ಅದರ ಕಣ್ಣಿನಲ್ಲಿಯೂ ಅಗಲವಾದ ಅಡ್ಡಪಟ್ಟಿಯಿದೆ. ವಾಸಸ್ಥಳದೊಡನೆ ವಂಶವನ್ನೂ, ದೇಹದ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಈಚಿನ ಸಂಶೋಧಕರು ಯೋಚಿಸುತ್ತಿದ್ದಾರೆ.

ಇನ್ನು ಕುದುರೆ ತಲೆ ಎತ್ತುವ ಮಾತು. ೧೯೯೯ರಲ್ಲಿ ಹಾರ್ಮನ್ ಮತ್ತು ಸಂಗಡಿಗರು ಇದಕ್ಕೆ ಸರಳ ಉತ್ತರ ಕೊಟ್ಟರು. ಕುದುರೆಯ ಎರಡು ಕಣ್ಣುಗಳೂ ಕೂಡಿ ಕಾಣುವ ಭಾಗವಿರುವುದು ಹಣೆಯ ನೇರಕ್ಕಲ್ಲ, ಮೂಗಿನ ದಿಕ್ಕಿಗೆ, ಕೆಳಮುಖವಾಗಿ. ಹಣೆಯ ಮುಂದಿನ ಜಾಗ ಅದಕ್ಕೆ ಕುರುಡು. ಎದುರಿಗಿನದನ್ನು ಎರಡು ಕಣ್ಣಿನಿಂದಲೂ ನೋಡಬೇಕಾದರೆ ಮೂತಿಯನ್ನು ಮೇಲೆತ್ತಲೇಬೇಕು. ಸವಾರನು ಲಗಾಮು ಜಗ್ಗಿ ಮೂತಿಯನ್ನು ಎದೆಯತ್ತ ಬಾಗಿಸಿದನೆಂದರೆ, ತಾನು ಹಾರಬೇಕಾದ ಅಡ್ಡಗಟ್ಟೆಯೇ ಕುದುರೆಗೆ ಕಾಣದೆ ಹೋದೀತು. ಹಟಮಾರಿಯೆಂದು ಚಾಟಿಯೇಟು ತಿಂದ ಎಷ್ಟು ಕುದುರೆಗಳು ನಿಜವಾಗಿ ಕಾಣದೆಯೇ ನಿಂತಿದ್ದವೋ!

ಮೇಯಲು ತಲೆ ತಗ್ಗಿಸಿದಾಗ ಅಡ್ಡಪಟ್ಟಿ ನೆಟ್ಟಗೆ ನಿಂತು ದಿಗಂತ ತಪ್ಪಿಹೋಗದೆ ಎಂಬ ಸಂದೇಹ ಬರಬಹುದು. ಇದಕ್ಕೂ ಉತ್ತರವಿದೆ. ಕ್ಯಾಲಿಫೋರ್ನಿಯಾದ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು ೨೦೧೫ರಲ್ಲಿ ತಿಳಿಸಿದಂತೆ, ತಲೆ ಬಾಗಿದಾಗ ಈ ಪ್ರಾಣಿಗಳ ಕಣ್ಣುಗುಡ್ಡೆ ಐವತ್ತು ಡಿಗ್ರಿಗೂ ಮಿಗಿಲಾಗಿ ತಿರುಗಿ, ಪಾಪೆಯನ್ನು ನೆಲಕ್ಕೆ ಸಮಾನಾಂತರವಾಗಿ ಉಳಿಸಿಕೊಳ್ಳುತ್ತದೆ. ಬೀದಿಯಲ್ಲಿ ಆಡು ಮೇಯುವುದು ಕಂಡರೆ ಅದರ ಅಡ್ಡಪಾಪೆಯನ್ನು ಗಮನಿಸಿ ನೋಡಿ. ಬಾಯಿ ಹುಲ್ಲಿನಲ್ಲಿದ್ದರೂ ಕಾವಲು ದಿಗಂತದ ಮೇಲೆಯೇ ಇರುತ್ತದೆ.